ಅಂಬ್ರಪ್ಪ ಕಿತ್ತ ವೈರು

ದೇವಾಪುರದ ಅಂಬ್ರಪ್ಪನಷ್ಟು ಅನುಮಾನದ ಮನುಷ್ಯ ಕೃಷ್ಣೆಯ ಈ ದಂಡೆಯಲ್ಲೂ ಇಲ್ಲ, ಆ ದಂಡೆಯಲ್ಲೂ ಇಲ್ಲ. ಮಧ್ಯಾಹ್ನ ತನ್ನ ನೆರಳು ಗಿಡ್ಡವಾದರೆ, ಉಳಿದದ್ದನ್ನು ಯಾರು ಒಯ್ದರೆಂದು ತಿರುಗಿ ನೋಡುವಂಥವನು. ಅದಕ್ಕೆ ಕಾರಣವೂ ಇತ್ತು. ಕೆನಾಲ್ ಬಂದಾಗ ಅವನ ಎರಡೆಕರೆ ಕಾಲುವೆಯ ಕಟ್ಟಕಡೆಗೆ ಬಿತ್ತು. ಮೇಲಿನವರು ಭತ್ತ ಹಚ್ಚಿ ಮೀಸೆ ತಿರುವಿದರು. ಇವನ ಹೊಲಕ್ಕೆ ಬಂದದ್ದು ನೀರಿನ ಸುದ್ದಿ ಮಾತ್ರ. ನಡುವಿನ ಒಂಬತ್ತು ಗೇಟಿನ ಮೇಲೂ ಒಬ್ಬೊಬ್ಬರ ಕೈ. ಕೊನೆಗೆ ಸುರಪುರ ರಸ್ತೆಯ ಕಲ್ಯಾಣಮ್ಮನ ಅಕ್ಕಿ ಗಿರಣಿಯಲ್ಲಿ, ಟ್ರ್ಯಾಕ್ಟರು ತೂಗುವ ಕಾಟಾದ ಮುಂದೆ ಕುರ್ಚಿ ಹಾಕಿ ಕೂತ. ಹತ್ತೊಂಬತ್ತು ವರ್ಷವಾಯಿತು.

ಗಿರಣಿಯ ಕಂಪ್ಯೂಟರಿನಲ್ಲಿ ಮೊದಲೆಲ್ಲ ಎಲ್ಲವೂ ಒಂದೇ ಗಂಟು. ತೂಕ, ಭತ್ತದ ತೇವ, ಚೀಟಿ, ಗೇಟು: ಒಂದಕ್ಕೆ ನೆಗಡಿಯಾದರೆ ಎಲ್ಲಕ್ಕೂ ಜ್ವರ. ಪ್ರಿಂಟರಿನ ಮಸಿ ಮುಗಿದರೆ ಗೇಟು ತೆರೆಯುತ್ತಿರಲಿಲ್ಲ. ಒಂದು ಸುಗ್ಗಿಯಲ್ಲಿ ಹಾಗೆ ನಿಂತ ಟ್ರ್ಯಾಕ್ಟರುಗಳ ಸಾಲು ತಿಂಥಣಿಯ ಹೊಳೆ ಮುಟ್ಟಿತು. ಕಡೆಯ ಟ್ರ್ಯಾಕ್ಟರಿನ ಭತ್ತ ಅಲ್ಲೇ ಮೊಳೆತು, ತೆನೆ ಬಿಟ್ಟು, ಇನ್ನೊಮ್ಮೆ ಕೊಯ್ಲಿಗೆ ಬಂತು. ಆದರೆ ಅಂಬ್ರಪ್ಪನಿಗೆ ಆ ಗಂಟೇ ಹಿತ. ತಪ್ಪು ಯಾರದೆಂದು ಯಾರಿಗೂ ತಿಳಿಯುತ್ತಿರಲಿಲ್ಲ. "ಸಿಸ್ಟಂ ಬಂದ್" ಎಂದು ಎಲ್ಲರೂ ಚಹಾಕ್ಕೆ ಏಳುತ್ತಿದ್ದರು.

ಶಹಾಪುರದಿಂದ ಕುಬ್ರಾಬೇಗಂ ಎಂಬ ಕಂಪ್ಯೂಟರ್ ಹುಡುಗಿ ಬಂದು ಆ ಗಂಟು ಬಿಚ್ಚಿದಳು.

"ಇನ್ಮ್ಯಾಗ ಒಂದೊಂದು ಕೆಲ್ಸಾ ಬ್ಯಾರೆ ಬ್ಯಾರೆ, ಕಾಕಾ. ಒಂದು ಕೆಟ್ರ ಅದೊಂದು ತಗದು ಹೊಸಾದು ಕೂಡಸೋದು. ಉಳದಾವು ನಡದಽ ಇರ್ತಾವ."

"ತಗದು?" ಅಂಬ್ರಪ್ಪ ಆ ಒಂದೇ ಮಾತಿಗೆ ಜೋತುಬಿದ್ದ. "ಮದಲ ಯಾವ್ದು ತಗೀತಿ?"

"ಕೆಟ್ಟದ್ದು. ಕೆನಾಲ್ ನೋಡಿಲ್ಲೇನು ಕಾಕಾ? ಒಂದು ಮರಿಗಾಲುವಿ ಒಡದ್ರ ಅದರ ಗೇಟ್ ಇಳಸ್ತಾರ, ದೊಡ್ಡ ಕಾಲುವಿ ಹರೀತಾನಽ ಇರ್ತದ."

"ನೀ ಯಾರ ಮುಂದ ಕೆನಾಲ್ ಮಾತು ತಗದಿ, ಬೇಗಂ! ಗೇಟ್ ಹೆಚ್ಚಾದಂಗ ಕೈ ಹೆಚ್ಚಾಗ್ತಾವ. ನಾ ಕಡೀ ಹೊಲದಾಂವ."

ತೆಗೆದುಹಾಕುವ ಸಾಮಾನಿನಲ್ಲಿ ಮೊದಲನೆಯದು ತಾನೇ ಎಂದು ಅವನಿಗೆ ಖಾತ್ರಿಯಾಯಿತು. ಹೊಸದೂ ಹಳೆಯದರಂತೆ ಒಮ್ಮೆಗೇ ಮಲಗಿದರೆ ಹುಡುಗಿ ಶಹಾಪುರದ ಬಸ್ಸು ಹಿಡಿಯುತ್ತಾಳೆ, ತನ್ನ ಕುರ್ಚಿ ಉಳಿಯುತ್ತದೆ. ಸೋಮವಾರ ಮುಂಜಾನೆ ನಲವತ್ತು ಟ್ರ್ಯಾಕ್ಟರು ಸಾಲುಗಟ್ಟಿದಾಗ, ಕಾಟಾದಿಂದ ಕಂಪ್ಯೂಟರಿಗೆ ಹೋಗುವ ವೈರನ್ನು ಕಾಲ್ಬೆರಳಿನಿಂದ ಕಿತ್ತು, ಎಲ್ಲರೂ ಚಹಾಕ್ಕೆ ಏಳಲೆಂದು ಕಾದ.

ಯಾರೂ ಏಳಲಿಲ್ಲ. ಗೇಟು ತೆರೆಯಿತು, ಮುಚ್ಚಿತು. ತೇವ ನೋಡುವ ಭಾಗಣ್ಣ ನೋಡುತ್ತಲೇ ಇದ್ದ. ಅಂಬ್ರಪ್ಪನ ಪರದೆಯ ಮೇಲೆ ಮಾತ್ರ ಒಂದು ಸಾಲು ಬಂತು: ತೂಕ ಬರುತ್ತಿಲ್ಲ, ಕಾಟಾ ನೋಡಿ ಬರೆಯಿರಿ, ಬರೆದವರ ಹೆಸರು ಹಾಕಿರಿ.

"ಅಂಬ್ರಪ್ಪಣ್ಣಾ," ಭಾಗಣ್ಣ ಕೂಗಿದ, "ಎಲ್ಲಾರ್ದೂ ನಡದದ, ನಿಂದೊಂದಽ ನಿಂತದ! ಮದಿವಿ ಮನ್ಯಾಗ ಮುನಿಸ್ಕೊಂಡ ಬೀಗನಂಗ ಯಾಕ ಕುಂತಿ?"

ಸಾಲಿನ ಡ್ರೈವರುಗಳೂ ನಕ್ಕರು. ಅಂಬ್ರಪ್ಪ ನಲವತ್ತು ಟ್ರ್ಯಾಕ್ಟರಿನ ತೂಕವನ್ನು ಕಾಟಾದ ಕೆಂಪು ಅಂಕಿ ನೋಡಿ ಒತ್ತಿದ. ನಲವತ್ತು ಸಲ ತನ್ನ ಹೆಸರನ್ನೂ ಒತ್ತಿದ. ಅವನು ಸುರಿಸಿದ ಬೆವರಿನಲ್ಲಿ ಇನ್ನೆರಡು ಎಕರೆ ಭತ್ತ ನಾಟಬಹುದಿತ್ತು.

ಸಂಜೆ ಕಲ್ಯಾಣಮ್ಮ ಕರೆಸಿದಳು. ಕುಬ್ರಾಬೇಗಂ ಪಕ್ಕದಲ್ಲೇ ಇದ್ದಳು.

"ಹತ್ತೂ ಹದಿನೇಳಕ್ಕ ಕಾಟಾದ ವೈರ್ ಕಳಚ್ಯಾದ ಅಂತ ಈಕಿ ಮಷೀನ್ ಹೇಳ್ತದ. ಹೆಗ್ಗಣ ಕಡೀತೇನು, ಅಂಬ್ರಪ್ಪ?"

ಹೌದು ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಹೆಗ್ಗಣವನ್ನು ತಾನಾಗಿ ಕೈಗೆ ಕೊಡುತ್ತಿದ್ದಾಳೆಂದರೆ ಅದರಲ್ಲೇ ಬಲೆ ಇರಬೇಕೆಂದು ಅವನಿಗೆ ಅನುಮಾನ ಬಂತು.

"ಹೆಗ್ಗಣಲ್ರಿ ಅಕ್ಕಾರ. ನಾನಽ ಕಿತ್ತೀನಿ. ಎಲ್ಲಾ ಬೀಳ್ತದೋ ಇಲ್ಲೋ ನೋಡಾಕ."

ಕಲ್ಯಾಣಮ್ಮನ ಮುಖ ಬಿಗಿಯಿತು. ಕುಬ್ರಾಬೇಗಂ ಮಾತ್ರ ನಕ್ಕುಬಿಟ್ಟಳು.

"ನಾ ಮಾಡಬೇಕಾಗಿದ್ದ ಪರೀಕ್ಷಾ ಕಾಕಾ ಮಾಡ್ಯಾರ ಬಿಡ್ರಿ. ನಂಬಿದವ್ರು ಯಾರೂ ವೈರ್ ಕೀಳಂಗಿಲ್ಲ. ಇಂಥವ್ರು ಒಬ್ರು ಬೇಕ್ರಿ."

ಕಲ್ಯಾಣಮ್ಮ ಅಂಬ್ರಪ್ಪನ ಕಡೆ ತಿರುಗಿದಳು. "ಹಂಗಾದ್ರ ಸೋಮವಾರಕ್ಕೊಂದು ಕೀಳು. ಹೇಳಿ ಕೀಳು. ಏನೇನು ನಿಂತ್ವು, ಬಂದು ನಂಗ ಹೇಳು."

ಮುಂದಿನ ಸೋಮವಾರ ಅಂಬ್ರಪ್ಪ ತೇವದ ಯಂತ್ರದ ವೈರು ಕಿತ್ತು, ಗಿರಣಿಗೆ ಮೂರು ಸುತ್ತು ಹಾಕಿ, ಗೇಟಿನ ಹಿಂದೆಯೂ ಇಣುಕಿ ಬಂದ. ಭಾಗಣ್ಣನ ಬೈಗುಳ ಬಿಟ್ಟರೆ ಬೇರೇನೂ ಏರುಪೇರಾಗಿರಲಿಲ್ಲ.

"ಇವತ್ತೇನೋ ನಡೀತ್ರಿ ಅಕ್ಕಾರ. ನಾ ನೋಡಾಕತ್ತೀನಂತ ನಡದಿರಬೇಕು. ನಾಳಿಂದು ಹೇಳಾಕ ಬರಂಗಿಲ್ಲ."

"ಅದಕಽ ನಾಳಿನೂ ಬಾ," ಎಂದಳು ಕಲ್ಯಾಣಮ್ಮ.