ಕಾಕಾ ಒತ್ತಿದ ಹೆಬ್ಬೆಟ್ಟು

ನಾನು ಅಜ್ಜ ಆದೆ. ಮಗಳು ಇವತ್ತು ಆಸ್ಪತ್ರೆಯಿಂದ ಹೆಣ್ಣು ಕೂಸನ್ನು ಎತ್ತಿಕೊಂಡು ಮನೆಗೆ ಬಂದಳು. ಓಣಿಗೆಲ್ಲ ಪೇಢೆ ಹಂಚಿದೆ. ಕೊಟ್ಟವರಿಗೇ ಮತ್ತೆ ಕೊಟ್ಟೆನಂತೆ, ಹೆಂಡತಿ ನಗುತ್ತಾಳೆ. ಆ ಕೂಸು ಕಣ್ಣು ಮುಚ್ಚಿಕೊಂಡೇ ನನ್ನ ಹೆಬ್ಬೆರಳನ್ನು ಗಟ್ಟಿಯಾಗಿ ಹಿಡಿಯಿತು. ಆಗ ಇನ್ನೊಬ್ಬರ ಹೆಬ್ಬೆರಳು ಕಣ್ಣ ಮುಂದೆ ಬಂತು.

ಸುತ್ತಿಗೆ ಪೆಟ್ಟಿಗೆ ಉಗುರು ಹೋಗಿ ಚಪ್ಪಟೆಯಾದ, ಸಿಮೆಂಟು ಮುಟ್ಟಿ ಮುಟ್ಟಿ ನುಣ್ಣಗಾದ ಎಡಗೈ ಹೆಬ್ಬೆರಳು. ಅದು ಕಾಕಾನದು. ರಕ್ತಸಂಬಂಧದ ಕಾಕಾ ಅಲ್ಲ. ತೊಂಬತ್ತರ ದಶಕದಲ್ಲಿ ಕತಾರಿನ ಮುಐದರ್‌ನಲ್ಲಿ ಒಂದೇ ಖೋಲಿಯಲ್ಲಿದ್ದ ನಮ್ಮಂಥ ಸೆಂಟ್ರಿಂಗ್ ಕೆಲಸದವರಿಗೆ ಅವರು ಹಿರಿಯರು, ಗದಗ ಕಡೆಯವರು. ಊಟಕ್ಕೆ ಎಲ್ಲರೂ ಬರುವ ತನಕ ಗಂಗಾಳಕ್ಕೆ ಕೈ ಹಾಕುತ್ತಿರಲಿಲ್ಲ. “ಎಲ್ಲಾರೂ ಕುಂತ್ರೇನು?” ಎಂದು ಕೇಳಿಯೇ ಮೊದಲ ತುತ್ತು. ಅಂಗಡಿಯ ಅರಬಿ ರೊಟ್ಟಿ ಖುಬೂಸನ್ನು ಎತ್ತಿ ಹಿಡಿದು, “ಇದು ರೊಟ್ಟಿ ಅಲ್ಲೋ, ರೊಟ್ಟಿ ಫೋಟೋ” ಅನ್ನುತ್ತಿದ್ದರು.

ಎಣ್ಣೆಯ ರೇಟು ಬಿದ್ದು ಎಲ್ಲ ಕಡೆ ಕೆಲಸ ಕಡಿಮೆಯಾದ ಕಾಲ ಅದು. ಹೊರಗಿನವರಿಗೆ ಹೊಸ ವೀಸಾ ಕೊಡುವುದನ್ನು ಅಲ್ಲಿಯ ಸರ್ಕಾರ ಸ್ವಲ್ಪ ಕಾಲ ನಿಲ್ಲಿಸಿತು. ರಜೆಗೆ ಹೋದವನು ತಿರುಗಿ ಬರದಿದ್ದರೆ ಅವನ ಜಾಗಕ್ಕೆ ಇನ್ನೊಬ್ಬನನ್ನು ತರುವಂತಿಲ್ಲ. ಅದಕ್ಕೆ ನಮ್ಮ ಕಂಪನಿ ಒಂದು ನಿಯಮ ಮಾಡಿತು: ಹೋಗುವವನಿಗೆ ಜೊತೆಯವನೊಬ್ಬ ಜಾಮೀನು ನಿಲ್ಲಬೇಕು. ಹೋದವನು ಬರದಿದ್ದರೆ, ವೀಸಾ ಮತ್ತೆ ಶುರುವಾಗಿ ಹೊಸ ಆಳು ಬರುವ ತನಕ ಜಾಮೀನು ನಿಂತವನಿಗೆ ರಜೆ ‘ಮಾಫಿ’, ಅಂದರೆ ಅಲ್ಲಿಯ ಅರಬಿ ಮಾತಿನಲ್ಲಿ ಇಲ್ಲವೇ ಇಲ್ಲ.

ಅದೇ ಹೊತ್ತಿಗೆ ಊರಿಂದ ಫೋನು ಬಂತು. ಬಸುರಿ ಹೆಂಡತಿಗೆ ಬಿ.ಪಿ. ಏರಿ ಆಸ್ಪತ್ರೆಗೆ ಸೇರಿಸಿದ್ದರು. ಜಾಮೀನಿನ ಮಾತು ಬಂದಾಗ ಖೋಲಿಯಲ್ಲಿ ಎಲ್ಲರೂ ನೆಲ ನೋಡಿದರು. ತಪ್ಪಲ್ಲ, ಅವರಿಗೂ ಮನೆ ಇತ್ತು. ಕಾಕಾ ಎದ್ದು ಚಪ್ಪಲಿ ಮೆಟ್ಟಿದರು. ಮೂರು ವರ್ಷ ಊರು ಕಾಣದ ಮನುಷ್ಯ, ಮುಂದಿನ ರಜೆ ಅವರದೇ.

“ಕಾಕಾ, ನಾ ಬರಲಿಲ್ಲಂದ್ರ?”

“ಬರದಿದ್ರ ಇಲ್ಲೇ ಇರ್ತೀನಿ. ನೀ ಹೋಗಿ ಹೆಂಡ್ತೀನ ನೋಡ್ಕೋ. ಬರೂಮುಂದ ಕಡಕ್ ರೊಟ್ಟಿ ತಗೊಂಡ್ ಬಾ, ಅಷ್ಟ.”

ಆಫೀಸಿನಲ್ಲಿ ಅವರು ಒತ್ತಿದ ಹೆಬ್ಬೆಟ್ಟು ಬರೀ ಮಸಿಯ ಬೊಟ್ಟಾಗಿ ಮೂಡಿತು. “ಗೆರೆಗಳೇ ಇಲ್ಲವಲ್ಲ?” ಎಂದು ಗುಮಾಸ್ತ ಹಿಂದಿಯಲ್ಲಿ ನಕ್ಕ. “ಸಬ್ ಕಾಮ್ ಮೇ ಗಯಾ, ಸಾಬ್” ಅಂದರು ಕಾಕಾ. ಎಲ್ಲ ಕೆಲಸದಲ್ಲೇ ಸವೆದುಹೋದವು ಎಂದು.

ಊರಿನಲ್ಲಿ ಮಗಳು ಹುಟ್ಟಿದಳು, ಅಂಗೈಯಷ್ಟು ಕೂಸು. ರಜೆ ಮುಗಿಯುತ್ತ ಬಂದರೂ ಹೆಂಡತಿ ಇನ್ನೂ ಹಾಸಿಗೆಯ ಮೇಲೇ ಇದ್ದಳು. ನನ್ನ ಅವ್ವ ಬಾಗಿಲಿಗೆ ಅಡ್ಡ ಕೂತು, “ಹೋಗಬ್ಯಾಡ” ಅಂದಳು. ನನಗೂ ಕಾಲು ಏಳಲಿಲ್ಲ. ಆಗ ಮಲಗಿದ್ದಲ್ಲಿಂದಲೇ ಹೆಂಡತಿ ಹೇಳಿದಳು: “ಆ ಹಿರ್ಯಾನ ಹೆಂಡ್ತೀನೂ ದಾರಿ ಕಾಯಾಕತ್ತಿರ್ತಾಳಲ್ರಿ. ನೀವು ಹೋಗ್ರಿ.” ಮರುದಿನ ಅವ್ವ ತಾನೇ ಕಡಕ್ ರೊಟ್ಟಿ ಬಡಿಯಲು ಕೂತಳು.

ನಾನು ಖೋಲಿಗೆ ತಿರುಗಿ ಬಂದಾಗ ಒಬ್ಬ ಕಾಕಾನನ್ನು ಕಾಡಿಸುತ್ತಿದ್ದ: “ಅಂವ ಊರಾಗ ಹೆಂಡ್ತಿ ಕೈಯಾಗ ಉಣ್ಣಾಕತ್ತಾನ. ನೀವಿನ್ನ ಖುಬೂಸ್ ತಿಂದ ಮುದುಕ ಆಗೂದ, ಖಲಾಸ್.” ಕಾಕಾ ಬಾಗಿಲಲ್ಲಿ ನಿಂತ ನನ್ನ ಕಡೆ ನೋಡಿದರು. “ರೊಟ್ಟಿ ಮುರದಿಲ್ಲ ಹೌದಿಲ್ಲೊ?” ಅಂದರು. ಆಮೇಲೆ ಸಣ್ಣ ದನಿಯಲ್ಲಿ, “ಕೂಸು?”

“ಹೆಣ್ಣು, ಕಾಕಾ. ಇಬ್ಬರೂ ಉಳಿದರು.”

ಅವರು ಆ ಚಪ್ಪಟೆ ಹೆಬ್ಬೆರಳಿನಿಂದ ರೊಟ್ಟಿಯ ಗಂಟನ್ನು ಬಿಚ್ಚಿ ಎಲ್ಲರಿಗೂ ಒಂದೊಂದು ಹಂಚಿದರು.

ಮುಂದಿನ ತಿಂಗಳು ಕಾಕಾ ಊರಿಗೆ ಹೊರಟರು. ಜಾಮೀನಿಗೆ ನಾನು ನಿಂತೆ. ಹೆಂಡತಿ ಮಕ್ಕಳ ನಡುವೆ ಕೆಲವು ದಿನ ಇದ್ದರು. ಒಂದು ಬೆಳಿಗ್ಗೆ ಎದೆ ನೋವು ಅಂದವರು ಮತ್ತೆ ಏಳಲಿಲ್ಲ. ಆಫೀಸಿನವರು ಜಾಮೀನಿನ ಬಗ್ಗೆ ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೂ ನಾನು ಖುಷಿಯಿಂದ ಅಲ್ಲೇ ಇರುತ್ತಿದ್ದೆ. ನಾನು ಊರಲ್ಲೇ ಉಳಿದಿದ್ದರೆ ಆ ಮನುಷ್ಯ ಮನೆಯವರ ಮುಖ ನೋಡದೆ ಪರದೇಶದ ಮಂಚದ ಮೇಲೆ ಹೋಗುತ್ತಿದ್ದರು.

ಅವತ್ತಿನ ಅಂಗೈಯಷ್ಟು ಕೂಸೇ ಇವತ್ತು ತಾಯಿಯಾಗಿ ಮನೆಗೆ ಬಂದವಳು. ಸಂಜೆ ಹೆಂಡತಿ ಬಿಸಿ ರೊಟ್ಟಿ ಬಡಿದಳು. ಬೀಗರು, ಮಗ, ಸೊಸೆ ಎಲ್ಲ ಸಾಲಾಗಿ ಕೂತರು. ಮಗಳು ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಗೋಡೆಗೆ ಒರಗಿದಳು. ಅಳಿಯ ಇನ್ನೂ ಹಿತ್ತಲಲ್ಲಿ ಕೈ ತೊಳೆಯುತ್ತಿದ್ದ.

“ಎಲ್ಲಾರೂ ಕುಂತ್ರೇನು?” ಅಂದೆ.

ಅಳಿಯ ಬಂದು ಕೂತ. ಹೆಂಡತಿಯೂ ಒಲೆ ಆರಿಸಿ ಬಂದು ಕೂತಳು. ಆಮೇಲೆ ನಾನು ರೊಟ್ಟಿ ಮುರಿದೆ.