ಗ್ರೇಡು ಬೇರೆ, ಸ್ಟೇಜು ಬೇರೆ: ಸ್ಲೈಡಕ್ಕನ ಪಾಠ

ಬೆಳಗಿನ ಐದೂಮುಕ್ಕಾಲು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಒಂದೇ ಒಂದು ಕೋಣೆಯ ದೀಪ ಹತ್ತಿದೆ. ಬಿಳಿ ಕೋಟಿನ ತೋಳನ್ನು ಮೊಣಕೈವರೆಗೆ ಮಡಚಿಕೊಂಡ ಐವತ್ತಾರರ ಹೆಂಗಸೊಬ್ಬರು, ಮಂಜುಗಡ್ಡೆಯ ಮೇಲೆ ಸಾಲಾಗಿ ಜೋಡಿಸಿಟ್ಟ ಮೇಣದ ಬಿಲ್ಲೆಗಳಲ್ಲಿ ಒಂದನ್ನು ಎತ್ತಿ ಯಂತ್ರಕ್ಕೆ ಸಿಕ್ಕಿಸುತ್ತಾರೆ. ಬಲಗೈ ಚಕ್ರ ತಿರುಗಿಸುತ್ತದೆ. ಬ್ಲೇಡಿನ ಅಂಚಿನಿಂದ ಈರುಳ್ಳಿ ಪೊರೆಗಿಂತ ತೆಳ್ಳನೆಯ ಪಟ್ಟಿಯೊಂದು ಇಳಿದುಬರುತ್ತದೆ. ಜೋರಾಗಿ ಉಸಿರು ಬಿಟ್ಟರೆ ಅದು ಹಾರಿಹೋದೀತು. ಎಡಗೈಯ ಬ್ರಷ್ಷಿನಿಂದ ಅದನ್ನು ಬೆಚ್ಚನೆಯ ನೀರಿನ ಮೇಲೆ ತೇಲಿಬಿಟ್ಟು, ಗಾಜಿನ ಸ್ಲೈಡಿನ ಮೇಲೆ ಎತ್ತಿಕೊಂಡಾಗಲೇ ಅವರು ಉಸಿರು ಬಿಡುವುದು.

ಆ ಮೇಣದೊಳಗೆ ಇರುವುದು ನಿನ್ನೆ ಯಾರದೋ ದೇಹದಿಂದ ಹೊರಬಂದ ಮೂತ್ರಪಿಂಡದ ಚೂರು. ಡಾಕ್ಟರು ಸೂಕ್ಷ್ಮದರ್ಶಕದಲ್ಲಿ ನೋಡಿ ಕ್ಯಾನ್ಸರ್ ಹೌದೋ ಅಲ್ಲವೋ, ಯಾವ ಬಗೆಯದು, ಎಲ್ಲಿಯವರೆಗೆ ಹೋಗಿದೆ ಎಂದು ಹೇಳಬೇಕಾದರೆ ಮೊದಲು ಈ ಚೂರು ಹಾಳೆಯಾಗಬೇಕು. ಒಂದು ತಲೆಗೂದಲನ್ನು ಇಪ್ಪತ್ತಾಗಿ ಸೀಳಿದರೆ ಎಷ್ಟು ದಪ್ಪವೋ ಅಷ್ಟೇ ದಪ್ಪದ ಹಾಳೆ. ಎಂಟು ಗಂಟೆಯೊಳಗೆ ಎಪ್ಪತ್ತು ಬಿಲ್ಲೆ ಮುಗಿಸಬೇಕು. ಮೂವತ್ತೊಂದು ವರ್ಷಗಳಿಂದ ಮುಗಿಸುತ್ತಿದ್ದಾರೆ.

ಆಸ್ಪತ್ರೆಯಲ್ಲಿ ಎಲ್ಲರಿಗೂ ಅವರು ಸ್ಲೈಡಕ್ಕ. ಮೊದಲು ಬಂದಿದ್ದು ಗಾಜಿನ ಸಾಮಾನು ತೊಳೆಯುವ ಕೆಲಸಕ್ಕೆ. ತೊಳೆಯುತ್ತಲೇ ಪಕ್ಕದವರ ಕೈ ನೋಡಿ ನೋಡಿ ಕಲಿತರು, ಆಮೇಲೆ ಸಂಜೆ ತರಗತಿಗೆ ಹೋಗಿ ಪರೀಕ್ಷೆ ಪಾಸು ಮಾಡಿದರು. ಚೂರುಗಳು ಕೆಡದಂತೆ ಅದ್ದಿಡುವ ಫಾರ್ಮಲಿನ್ ವಾಸನೆಗೆ ವರ್ಷವಿಡೀ ಕಣ್ಣು ಉರಿಯುತ್ತದೆ. ಚಕ್ರ ತಿರುಗಿಸಿ ಬಲಗೈಯ ಮಣಿಕಟ್ಟು ಎರಡು ಸಲ ಆಪರೇಷನ್ ಕಂಡಿದೆ. ಮನೆಯಲ್ಲಿ ಡಬ್ಬಿಯ ಮುಚ್ಚಳ ತೆಗೆಯಲು ಗಂಡನನ್ನು ಕರೆಯುತ್ತಾರಂತೆ. "ಮೂವತ್ತು ವರ್ಷದಲ್ಲಿ ಅವರು ಕಲ್ತ ಒಂದೇ ಅಡುಗೆಮನೆ ಕೆಲಸ ಅದು" ಎಂದು ನಗುತ್ತಾರೆ.

ಈ ಕೆಲಸವೇ ಬರೆಯುವಷ್ಟಿದೆ. ಆದರೆ ಸ್ಲೈಡಕ್ಕನನ್ನು ಹುಡುಕಿಕೊಂಡು ಜನ ನೆಲಮಾಳಿಗೆಗೆ ಇಳಿದು ಬರುವುದು ಬೇರೆ ಕಾರಣಕ್ಕೆ. ಅದು ಶುರುವಾಗಿದ್ದು ಹನ್ನೊಂದು ವರ್ಷದ ಹಿಂದೆ, ಅವರ ಅಣ್ಣನಿಂದ.

ಅಣ್ಣ ಬಡಗಿ. ಮೂತ್ರದಲ್ಲಿ ರಕ್ತ ಕಂಡಿತು, ಸ್ಕ್ಯಾನಿನಲ್ಲಿ ಗಡ್ಡೆ ಕಂಡಿತು, ಎಡಗಡೆಯ ಮೂತ್ರಪಿಂಡವನ್ನು ಇದೇ ಆಸ್ಪತ್ರೆಯಲ್ಲಿ ತೆಗೆದರು. ಮಾರನೆಯ ದಿನ ಬೆಳಿಗ್ಗೆ ಸ್ಲೈಡಕ್ಕನ ಮುಂದೆ ಬಂದ ಬಿಲ್ಲೆಗಳ ಮೇಲೆ ಹೆಸರಿರಲಿಲ್ಲ, ನಂಬರಷ್ಟೇ ಇತ್ತು. ಆದರೆ ಹಿಂದಿನ ದಿನ ಬಂದಿದ್ದು ಒಂದೇ ಮೂತ್ರಪಿಂಡ. ಬೇರೆಯವರು ಮಾಡಲಿ, ನೀನು ಮನೆಗೆ ಹೋಗು ಎಂದು ವಿಭಾಗದ ಡಾಕ್ಟರಮ್ಮ ಹೇಳಿದರೂ ಅವರು ಏಳಲಿಲ್ಲ. ಇಪ್ಪತ್ತೆರಡು ಬಿಲ್ಲೆಗಳನ್ನೂ ತಾವೇ ಕತ್ತರಿಸಿದರು. "ಬೇರೆ ಯಾರ್ದಾದ್ರೂ ಹಾಗೇ ಕತ್ತರಿಸ್ತಿದ್ದೆ. ಅವತ್ತು ಸ್ವಲ್ಪ ನಿಧಾನ ಆಯ್ತು, ಅಷ್ಟೆ."

ಎರಡು ಹಾಳೆಯ ರಿಪೋರ್ಟು ಬಂತು. ಆಪರೇಷನ್ ಮಾಡಿದ ಡಾಕ್ಟರು ಗಡ್ಡೆ ಪೂರ್ತಿ ತೆಗೆದಾಯ್ತು, ಆರು ತಿಂಗಳಿಗೆ ಸ್ಕ್ಯಾನಿಗೆ ಬನ್ನಿ ಎಂದು ಹೇಳಿ ಕಳಿಸಿದರು. ಹೇಗೂ ತಂಗಿ ಲ್ಯಾಬಿನಲ್ಲೇ ಇದ್ದಾಳೆ, ಬಿಡಿಸಿ ಹೇಳುತ್ತಾಳೆ ಎಂದು ಡಾಕ್ಟರು ಅಂದುಕೊಂಡರು. ಡಾಕ್ಟರೇ ಹೇಳಿರುತ್ತಾರೆ ಎಂದು ತಂಗಿ ಅಂದುಕೊಂಡರು. ಹೀಗೆ ಇಬ್ಬರ ನಡುವೆ ಆ ಎರಡು ಹಾಳೆ ಯಾರೂ ಓದದೆ ಅಣ್ಣನ ಮನೆಯ ಕಪಾಟು ಸೇರಿದವು. ಯಾರೂ ಓದದೆ ಎನ್ನುವುದು ತಪ್ಪು. ಇಬ್ಬರು ಓದಿದ್ದರು, ಬೇರೆ ಬೇರೆಯಾಗಿ. ಅತ್ತಿಗೆಯ ಕಣ್ಣಿಗೆ ಬಿದ್ದಿದ್ದು ಮೊದಲ ಸಾಲಿನ 'ಕ್ಲಿಯರ್ ಸೆಲ್' ಎಂಬ ಮಾತು. ಕ್ಲಿಯರ್ ಅಂದರೆ ಎಲ್ಲ ಕ್ಲಿಯರ್ ಆಗಿದೆ ಎಂದು ಆಕೆ ನೆಮ್ಮದಿಯಾಗಿ ನಿದ್ದೆ ಮಾಡಿದರು. ಅಣ್ಣನ ಕಣ್ಣಿಗೆ ಬಿದ್ದಿದ್ದು 'ಗ್ರೇಡ್ 3'. ಮೂರನೇ ಹಂತ, ಮುಗಿಯಿತು ಕಥೆ ಎಂದು ಅವರು ತೀರ್ಮಾನಿಸಿದರು. ಹೆಂಡತಿಯ ನೆಮ್ಮದಿ ಕೆಡಿಸುವುದು ಬೇಡವೆಂದು ಬಾಯಿ ಬಿಡಲಿಲ್ಲ. ತಂಗಿಯನ್ನೂ ಕೇಳಲಿಲ್ಲ. ಕೇಳಿದರೆ ಅವಳು ಅಳುತ್ತಾಳೆ, ಇಲ್ಲವೇ ಸುಳ್ಳು ಸಮಾಧಾನ ಹೇಳುತ್ತಾಳೆ ಎಂಬ ಅಂಜಿಕೆ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಗಾದೆ ಎಲ್ಲರಿಗೂ ಗೊತ್ತು. ಇಲ್ಲಿ ಹುಡುಕುವುದನ್ನೂ ಬಿಟ್ಟಿದ್ದರು.

ಎಂಟು ತಿಂಗಳ ಮೇಲೆ ಸ್ಲೈಡಕ್ಕ ಕಾಲು ಮುರಿದ ಸ್ಟೂಲೊಂದನ್ನು ಹಿಡಿದುಕೊಂಡು ಅಣ್ಣನ ಮನೆಗೆ ಹೋದರು. ಕೆಲಸದ ಕೋಣೆಯ ಗೋಡೆ ಬರಿದಾಗಿತ್ತು. ಉಳಿ, ಹತ್ತರಿ, ಗರಗಸ ಒಂದೂ ಇರಲಿಲ್ಲ. ಬೀದಿಯ ಆ ತುದಿಯ ಬಡಗಿಗೆ ಎಲ್ಲವನ್ನೂ ಕೊಟ್ಟುಬಿಟ್ಟಿದ್ದರು. ಆರು ತಿಂಗಳ ಸ್ಕ್ಯಾನಿಗೂ ಹೋಗಿರಲಿಲ್ಲ. ಹೆಂಡತಿಗೆ ಮಾತ್ರ ಹೋಗಿಬಂದೆ ಎಂದಿದ್ದರು.

"ನನಗಿನ್ನು ಯಾಕಮ್ಮ ಅವೆಲ್ಲ? ಮೂರನೇದು ಅಂತ ಬರೆದೇ ಕೊಟ್ಟಿದಾರಲ್ಲ" ಎಂದರು ಅಣ್ಣ.

ಸ್ಲೈಡಕ್ಕ ಕಪಾಟಿನಿಂದ ರಿಪೋರ್ಟು ತೆಗೆದರು. ಬಿಲ್ಲೆಯ ನಂಬರು ಗುರುತು ಸಿಕ್ಕಿತು, ಉಳಿದದ್ದೊಂದೂ ತಲೆಗೆ ಹೋಗಲಿಲ್ಲ. ಇಪ್ಪತ್ತು ವರ್ಷ ಸ್ಲೈಡು ಮಾಡಿದವರು ಅದರಿಂದ ಹುಟ್ಟಿದ ಕಾಗದವನ್ನು ಒಮ್ಮೆಯೂ ಓದಿರಲಿಲ್ಲ. ಅಣ್ಣ ಹೇಳುತ್ತಿರುವುದು ತಪ್ಪು ಎನ್ನಲೂ ಆಗಲಿಲ್ಲ, ಸರಿ ಎನ್ನಲೂ ಆಗಲಿಲ್ಲ. "ಅವತ್ತು ಆದಷ್ಟು ನಾಚಿಕೆ ನನಗೆ ಜೀವಮಾನದಲ್ಲೇ ಆಗಿಲ್ಲ" ಎನ್ನುತ್ತಾರೆ.

ಮಾರನೆಯ ದಿನ ಡಾಕ್ಟರಮ್ಮ ಅವರನ್ನು ಎದುರಿಗೆ ಕೂರಿಸಿಕೊಂಡರು. ಇಬ್ಬರು ಒಟ್ಟಿಗೆ ನೋಡಬಹುದಾದ ಸೂಕ್ಷ್ಮದರ್ಶಕದಲ್ಲಿ ಅಣ್ಣನ ಸ್ಲೈಡುಗಳನ್ನೇ ಇಟ್ಟು ಮುಕ್ಕಾಲು ಗಂಟೆ ತೋರಿಸಿದರು. ಕ್ಲಿಯರ್ ಸೆಲ್ ಎನ್ನುವುದು ಗಡ್ಡೆಯ ಜಾತಿ. ಆ ಜೀವಕೋಶಗಳ ಒಳಗೆ ಕೊಬ್ಬು ತುಂಬಿರುತ್ತದೆ, ಲ್ಯಾಬಿನ ದ್ರಾವಣಗಳಲ್ಲಿ ಅದ್ದಿದಾಗ ಕೊಬ್ಬು ಕರಗಿಹೋಗಿ ಖಾಲಿ ಖಾಲಿಯಾಗಿ ಕಾಣುತ್ತವೆ. ಆ ಕೊಬ್ಬನ್ನು ದಿನಾ ತೊಳೆದುಹಾಕುತ್ತಿದ್ದವರು ಸ್ಲೈಡಕ್ಕನೇ. ಗ್ರೇಡು ಎಂದರೆ ಆ ಕೋಶಗಳು ನೋಡಲು ಎಷ್ಟು ಕೆಟ್ಟಿವೆ ಎಂಬುದಕ್ಕೆ ನಾಲ್ಕರಲ್ಲಿ ಕೊಟ್ಟ ಅಂಕಿ. ಸ್ಟೇಜು ಎಂದರೆ ಗಡ್ಡೆ ಎಲ್ಲಿಯವರೆಗೆ ಹೋಗಿದೆ ಎಂಬ ಲೆಕ್ಕ. ಅಣ್ಣನ ಗಡ್ಡೆ ಐದೂವರೆ ಸೆಂಟಿಮೀಟರು, ಮೂತ್ರಪಿಂಡದ ಗಡಿ ದಾಟಿರಲಿಲ್ಲ, ರಕ್ತನಾಳಕ್ಕೆ ನುಗ್ಗಿರಲಿಲ್ಲ. ಕತ್ತರಿಸಿದ ಅಂಚಿಗೆ ಗುರುತಿಗೆಂದು ಹಚ್ಚಿದ ಮಸಿಯ ಗೆರೆಯನ್ನೂ ಮುಟ್ಟಿರಲಿಲ್ಲ, ಅಂದರೆ ಗಡ್ಡೆಯ ಚೂರು ಒಳಗೆ ಉಳಿದಿರಲಿಲ್ಲ. ಗ್ರೇಡು ಮೂರು ಹೌದು, ಆದರೆ ಸ್ಟೇಜು ಒಂದು.

ಅಂದು ಮಧ್ಯಾಹ್ನವೇ ಸ್ಲೈಡಕ್ಕ ಅಣ್ಣ, ಅತ್ತಿಗೆ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಸಾಲು ಸಾಲಾಗಿ ಓದಿ ಹೇಳಿದರು. ಬಚ್ಚಿಡಲಿಲ್ಲ. ಗಡ್ಡೆ ದೂರ ಹೋಗಿಲ್ಲ, ಆದರೆ ಅದರ ಸ್ವಭಾವ ಒರಟು, ಮತ್ತೆ ತಲೆಯೆತ್ತಬಹುದು, ಅದಕ್ಕೇ ಸ್ಕ್ಯಾನು ತಪ್ಪಿಸುವಂತಿಲ್ಲ ಎಂದರು. ಅತ್ತಿಗೆಯ ನೆಮ್ಮದಿ ಸ್ವಲ್ಪ ಕಡಿಮೆಯಾಯಿತು, ಅಣ್ಣನ ಭಯವೂ ಅಷ್ಟೇ ಇಳಿಯಿತು. ಅಣ್ಣ ಕೊನೆಗೆ ಕೇಳಿದ್ದು ಒಂದೇ ಮಾತು: "ಹಾಗಾದ್ರೆ ಉಳಿ ಎಲ್ಲ ವಾಪಸ್ ಕೇಳ್ಬೇಕಾ ಈಗ?"

ಕೇಳಿ ತಂದರು. ಸ್ಕ್ಯಾನಿಗೂ ಹೋದರು, ಶುದ್ಧವಾಗಿತ್ತು. ಆರಾರು ತಿಂಗಳಿಗೆ ತಪ್ಪದೆ ಹೋದರು. ನಾಲ್ಕನೆಯ ವರ್ಷ ಶ್ವಾಸಕೋಶದಲ್ಲಿ ಬಟಾಣಿ ಗಾತ್ರದ ಗಂಟೊಂದು ಕಂಡಿತು. ಅದು ಒಂದೇ ಇತ್ತು, ಚಿಕ್ಕದಿತ್ತು, ಹಾಗಾಗಿ ತೆಗೆಯಲು ಸಾಧ್ಯವಾಯಿತು. ಆ ಗಂಟಿನ ಸ್ಲೈಡುಗಳನ್ನೂ ತಂಗಿಯೇ ಮಾಡಿದರು. ಅದಾಗಿ ಏಳು ವರ್ಷವಾಗಿದೆ. ಅರವತ್ತಾರರ ಅಣ್ಣ ಈಗಲೂ ಬಾಗಿಲು ಕಿಟಕಿ ಮಾಡುತ್ತಾರೆ, ಸಿಟ್ಟು ಬಂದರೆ ಗಿರಾಕಿಗಳ ಮೇಲೆ ಕೂಗಾಡುತ್ತಾರೆ.

ಅಣ್ಣನಿಂದ ಕಲಿತದ್ದನ್ನು ಸ್ಲೈಡಕ್ಕ ತಮ್ಮಲ್ಲೇ ಇಟ್ಟುಕೊಳ್ಳಲಿಲ್ಲ. ರಿಪೋರ್ಟ್ ಕೌಂಟರಿನ ಪಕ್ಕದ ಬೆಂಚಿನಲ್ಲಿ ಹಾಳೆ ಹಿಡಿದು ಬೆಪ್ಪಾಗಿ ಕುಳಿತವರನ್ನು ಕಂಡರೆ ಹೋಗಿ ಪಕ್ಕದಲ್ಲಿ ಕೂರತೊಡಗಿದರು. ಅದಕ್ಕೆ ಸಿಕ್ಕ ಮೊದಲ ಬಹುಮಾನ ಮೇಲಧಿಕಾರಿಯ ನೋಟಿಸು. ತಂತ್ರಜ್ಞರು ರೋಗಿಗಳಿಗೆ ವರದಿ ವಿವರಿಸಕೂಡದು ಎಂದು ಅದರಲ್ಲಿತ್ತು. "ಅವರು ಬರೆದಿದ್ದೂ ತಪ್ಪಲ್ಲ. ನಾನು ಒಂದು ಮಾತು ತಪ್ಪಿ ಹೇಳಿದ್ರೆ ಒಂದು ಸಂಸಾರ ಹಾಳು" ಎನ್ನುತ್ತಾರೆ. ಡಾಕ್ಟರಮ್ಮ ನೋಟಿಸು ಹಿಡಿದುಕೊಂಡು ಮೇಲೆ ಹೋಗಿ ಜಗಳವಾಡಿ ಒಂದು ದಾರಿ ಮಾಡಿಕೊಂಡು ಬಂದರು. ಬುಧವಾರ, ಶನಿವಾರ ಹನ್ನೊಂದರಿಂದ ಹನ್ನೆರಡರವರೆಗೆ, ಉಗ್ರಾಣದ ಪಕ್ಕದ ಕೋಣೆಯಲ್ಲಿ, ಡಾಕ್ಟರಮ್ಮನ ಎದುರಿಗೇ. ಮಾತುಗಳ ಅರ್ಥ ಹೇಳುವುದು ಸ್ಲೈಡಕ್ಕ, ಮುಂದೇನು ಎನ್ನುವುದು ಡಾಕ್ಟರಮ್ಮ. ವಾರಕ್ಕೆ ಎಂಟು ಹತ್ತು ಮಂದಿ ಬರುತ್ತಾರೆ.

ಈ ಬುಧವಾರ ಬಂದವರು ನಿವೃತ್ತ ಅಂಚೆಯವರು, ಜೊತೆಗೆ ಮಗಳು. ಬಲಗಡೆಯ ಮೂತ್ರಪಿಂಡ ತೆಗೆದು ಮೂರು ವಾರವಾಗಿದೆ. ಗಡ್ಡೆ ಗಡಿ ದಾಟಿ ಸುತ್ತಲಿನ ಕೊಬ್ಬಿಗೆ ಹೋಗಿದೆ, ಅಂಚು ಮಾತ್ರ ಶುದ್ಧವಾಗಿದೆ. ಒಟ್ಟಿನಲ್ಲಿ ಇದು ಒಳ್ಳೆಯದೋ ಕೆಟ್ಟದ್ದೋ, ಒಂದೇ ಮಾತಿನಲ್ಲಿ ಹೇಳಿ ಎಂದು ಮಗಳು ಪಟ್ಟು ಹಿಡಿಯುತ್ತಾರೆ.

ಸ್ಲೈಡಕ್ಕ ಬೆರಳಿಟ್ಟು ತೋರಿಸುತ್ತಾರೆ. "ಈ ಸಾಲು ಒಳ್ಳೇದಲ್ಲಮ್ಮ. ಈ ಸಾಲು ಒಳ್ಳೇದು. ಎರಡನ್ನೂ ಓದೋಣ."

ಎಷ್ಟು ದಿನ ಬದುಕುತ್ತೇನೆ ಎಂಬ ಪ್ರಶ್ನೆಗೆ ಅವರು ಎಂದೂ ಉತ್ತರ ಕೊಡುವುದಿಲ್ಲ. ಆ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು, ಡಾಕ್ಟರನ್ನು ಕೇಳಲು ನೆನಪಿರಲಿ ಎಂದು ರೋಗಿಯ ಕೈಗೇ ಕೊಡುತ್ತಾರೆ. ಅಂಚೆಯವರು ಚೀಟಿಯನ್ನು ಎರಡು ಸಲ ಮಡಚಿ, ವಿಳಾಸ ನೋಡುವವರಂತೆ ಹಿಂದೆ ಮುಂದೆ ತಿರುಗಿಸಿ ಜೇಬಿಗೆ ಹಾಕಿಕೊಂಡು, ಡಾಕ್ಟರಮ್ಮನ ಕಡೆ ಕುರ್ಚಿ ತಿರುಗಿಸುತ್ತಾರೆ.

ಸ್ಲೈಡಕ್ಕನ ನಿವೃತ್ತಿಗೆ ಇನ್ನು ಎರಡು ವರ್ಷ. ಅಷ್ಟರಲ್ಲಿ ಒಂದು ಆಸೆಯಿದೆ. ಪ್ರತಿಯೊಂದು ರಿಪೋರ್ಟಿನ ಹಿಂದೆ ಒಂದು ಹಾಳೆ ಸೇರಬೇಕು. ಮನೆಯಲ್ಲಿ ಮಾತಾಡುವ ಮಾತಿನಲ್ಲಿ ಗ್ರೇಡು ಎಂದರೇನು, ಸ್ಟೇಜು ಎಂದರೇನು, ಅಂಚು ಎಂದರೇನು ಎಂದು ಅದರಲ್ಲಿರಬೇಕು. ನೋಟ್‌ಬುಕ್ಕಿನಲ್ಲಿ ಬರೆದೂ ಇಟ್ಟಿದ್ದಾರೆ. ಡಾಕ್ಟರಮ್ಮ ನಾಲ್ಕು ಸಲ ತಿದ್ದಿದ್ದಾರೆ. ಕಚೇರಿಯ ಒಪ್ಪಿಗೆಯೊಂದು ಬಾಕಿ.

ಅಂಥ ಹಾಳೆ ಓದಿದರೆ ಜನರ ಹೆದರಿಕೆ ಹೋಗುತ್ತದೆಯೇ ಎಂದು ಕೇಳಿದರೆ ಅವರು ಇಲ್ಲವೆಂದು ತಲೆಯಾಡಿಸುತ್ತಾರೆ.

"ಹೆದರಿಕೆ ಎಲ್ಲಿ ಹೋಗತ್ತೆ? ಹೆದರಲಿ, ಪರವಾಗಿಲ್ಲ. ಆದ್ರೆ ಸರಿಯಾದ ಸಾಲಿಗೆ ಹೆದರಲಿ."