ಅಳಿಸದೆ ಉಳಿಸಿದ ತಪ್ಪು

ಉಡುಪಿಯ ಅಂತರ್ಜಾಲ ಪತ್ರಿಕೋದ್ಯಮದ ಬಗ್ಗೆ ಬರೆಯುವವರು ಕಲ್ಯಾಣಪುರದ ಸಿಸಿಲಿಯಾ ಕ್ರಾಸ್ತಾ ಮೇಡಂ ಅವರ ಹೆಸರನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ನಮ್ಮ ಪತ್ರಿಕೆಗೆ ಕರಡು ತಿದ್ದುವವರಾಗಿ ಸೇರಿದ ಅವರು, ಪತ್ರಿಕೆ ಜಾಲತಾಣ ತೆರೆದಾಗ ಅದರ ಮೊದಲ ಸಂಪಾದಕಿಯಾದರು. ಕಾರ್ಕಳ, ಹೆಬ್ರಿಯ ಹಿರಿಯ ವರದಿಗಾರರಿಗೆ ಮೊಬೈಲಿನಲ್ಲಿ ಕನ್ನಡ ಟೈಪು ಮಾಡಲು ತಾಳ್ಮೆಯಿಂದ ಕಲಿಸಿದವರೂ ಅವರೇ.

ಆರು ವರ್ಷಗಳ ಹಿಂದೆ ಮಣಿಪಾಲದಲ್ಲಿ ಓದು ಮುಗಿಸಿ ನಾನು ಅವರ ಕೈಕೆಳಗೆ ಸೇರಿದೆ. ಅನುವಾದಿತ ಕಾದಂಬರಿಗಳ ಹುಚ್ಚು ಹತ್ತಿದ್ದ ನಾನು ಸ್ವಂತ ಬ್ಲಾಗಿನಲ್ಲಿ ಸುದ್ದಿಯ ಧಾಟಿಯಲ್ಲೇ ಕತೆ ಬರೆಯುತ್ತಿದ್ದೆ. ಜನ ಎರಡನ್ನೂ ಓದುವುದು ಅದೇ ಮೊಬೈಲಿನಲ್ಲಿ, ಬ್ಲಾಗಿಗೂ ಪತ್ರಿಕೆಯ ಜಾಲತಾಣಕ್ಕೂ ವ್ಯತ್ಯಾಸವೇನು ಎಂದು ವಾದಿಸುತ್ತಿದ್ದೆ. ಮೇಡಂ ನಕ್ಕುಬಿಡುತ್ತಿದ್ದರು.

ಒಂದು ಮಧ್ಯಾಹ್ನ ಬ್ಲಾಗು, ಜಾಲತಾಣ ಎರಡೂ ನನ್ನ ಪರದೆಯಲ್ಲಿ ತೆರೆದಿದ್ದವು. "ಕಾಪು ಬಳಿ ದೋಣಿ ಮಗುಚಿ ಇಬ್ಬರು ನಾಪತ್ತೆ" ಎಂಬ ನನ್ನ ಕತೆ, ಬ್ಲಾಗಿಗೆ ಹೋಗಬೇಕಾದದ್ದು, ಕೈತಪ್ಪಿ ಜಾಲತಾಣದ ಮುಖಪುಟಕ್ಕೆ ಹೋಯಿತು. ಹತ್ತು ನಿಮಿಷದಲ್ಲಿ ಕಾಪುವಿನಿಂದ ಚಂಪಾ ಎಂಬವರ ಫೋನು: "ಯಾವ ದೋಣಿ ಅದು? ನಮ್ಮ ಯಜಮಾನರು ಬೆಳಿಗ್ಗೆ ಹೋದವರು, ಫೋನಿಗೆ ಸಿಗುವುದಿಲ್ಲ!"

"ಅದು ಸುದ್ದಿಯಲ್ಲಮ್ಮ, ಬರೀ ಕತೆ, ನಮ್ಮ ತಪ್ಪು" ಎಂದು ಮೇಡಂ ಎಷ್ಟು ಹೇಳಿದರೂ ಅವರು ನಂಬಲಿಲ್ಲ. ನಾನು ಪುಟವನ್ನೇ ಅಳಿಸಹೊರಟೆ.

"ಬೇಡ ಜಿತೇಶ್. ವಾಟ್ಸಾಪಿನಲ್ಲಿ ಇದು ಆಗಲೇ ಊರು ಸುತ್ತುತ್ತಾ ಉಂಟು. ಲಿಂಕ್ ಒತ್ತಿದವರಿಗೆ ಖಾಲಿ ಪುಟ ಕಂಡರೆ ಏನೋ ಮುಚ್ಚಿಡುತ್ತಿದ್ದಾರೆ ಅಂತಲೇ ತಿಳಿಯುತ್ತಾರೆ. ಬ್ಲಾಗು ನಿನ್ನ ಮನೆ ಮಾರಾಯ, ಬೇಕಾದರೆ ಬಾಗಿಲು ಹಾಕಿಕೋ. ಇಲ್ಲಿ ಹಾಗೆ ಆಗುವುದಿಲ್ಲ."

ಮೇಡಂ ಕತೆಯನ್ನು ತೆಗೆದು, ಅದೇ ಪುಟದಲ್ಲಿ "ದೋಣಿ ಮಗುಚಿಲ್ಲ, ತಪ್ಪು ನಮ್ಮದು" ಎಂದು ದಪ್ಪ ಅಕ್ಷರದಲ್ಲಿ ಬರೆದು ಕೆಳಗೆ ತಮ್ಮ ಹೆಸರು ಹಾಕಿದರು. ಆಮೇಲೆ ಚಂಪಾ ಅವರಿಗೆ ಅರ್ಧ ಗಂಟೆಗೊಮ್ಮೆ ಫೋನು ಮಾಡುತ್ತಾ ಕುಳಿತರು. ನಾಲ್ಕೂವರೆಗೆ ಚಂಪಾ ಅವರೇ ಫೋನು ಮಾಡಿದರು.

"ಬಂದರು ಮೇಡಂ, ಬುಟ್ಟಿ ತುಂಬ ಬಂಗುಡೆ ಮೀನು! ಆ ಕತೆ ಬರೆದವನಿಗೆ ಹೇಳಿ, ನಮ್ಮವರನ್ನು ಮುಳುಗಿಸಲಿಕ್ಕೆ ಅವನಿಗೆ ಬೇರೆ ಸಮುದ್ರ ಸಿಗಲಿಲ್ವಾ ಅಂತ."

ಮೇಡಂ ಜೋರಾಗಿ ನಕ್ಕರು. ನಾನು ಅತ್ತುಬಿಟ್ಟೆ. ಮರುದಿನ ಆಡಳಿತದವರು ವಿವರಣೆ ಕೇಳಿದಾಗ, "ಹೊಸಬನಿಗೆ ನೇರವಾಗಿ ಪ್ರಕಟಿಸುವ ಅನುಮತಿ ಕೊಟ್ಟವಳು ನಾನು" ಎಂದು ಬರೆದುಕೊಟ್ಟು ನನ್ನ ಕೆಲಸ ಉಳಿಸಿದರು.

ಈಗ ನಿವೃತ್ತರಾಗುತ್ತಿರುವ ಮೇಡಂ ಇನ್ನು ತಾವೂ ಬ್ಲಾಗು ಶುರುಮಾಡುತ್ತಾರಂತೆ. ಅವರಿಗೆ ಆಯುಸ್ಸು, ಆರೋಗ್ಯ ತುಂಬಿರಲಿ. ಮನಸ್ಸಿಗೆ ಬಂದದ್ದನ್ನು ಬರೆಯಲಿ, ಹಿಡಿಸದಿದ್ದರೆ ಯಾರಿಗೂ ಕಾರಣ ಹೇಳದೆ ಅಳಿಸಲಿ. ಮೂವತ್ತು ವರ್ಷ ಎಲ್ಲರ ತಪ್ಪಿನ ಕೆಳಗೆ ತಮ್ಮ ಹೆಸರು ಬರೆದವರಿಗೆ ಅಷ್ಟು ಹಕ್ಕು ಉಂಟು.